ಜೋರಾದ ಗಿಟಾರ್ ಆಂಪ್ ಮುಂದೆ ರಿಬ್ಬನ್ ಮೈಕ್ ಇಡಬಹುದಾ?

ಪ್ರಶ್ನೆ: ನನ್ನ ಹತ್ತಿರ 100 ವಾಟ್‌ನ ವಾಲ್ವ್ ಆಂಪ್ ಇದೆ. ಅದಕ್ಕೆ ನಾಲ್ಕು 12 ಇಂಚಿನ ಸ್ಪೀಕರ್ ಇರುವ, ಹಿಂಬದಿ ಮುಚ್ಚಿದ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ). ಗಿಟಾರ್‌ನ ದಪ್ಪ ತಂತಿಯನ್ನು 'ಡಿ'ಗೆ ಇಳಿಸಿ, ಜೋರಾಗಿ ನುಡಿಸುತ್ತೇನೆ. ಗೆಳೆಯರೊಬ್ಬರು ತಮ್ಮ ರಾಯರ್ ಆರ್-121 ರಿಬ್ಬನ್ ಮೈಕನ್ನು ಎರಡು ದಿನಕ್ಕೆ ಕೊಟ್ಟಿದ್ದಾರೆ. ಜೋರು ಸದ್ದಿಗೆ ರಿಬ್ಬನ್ ಹರಿದುಹೋಗುತ್ತದೆ, ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಮೈಕ್‌ಗೆ ಹೋಗುವ 48 ವೋಲ್ಟ್) ತಗುಲಿದರೆ ಸುಟ್ಟುಹೋಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಎಷ್ಟು ದೂರ ಇಡಲಿ? ನನ್ನ ಮಾಮೂಲಿ ಎಸ್‌ಎಂ57 ಮೈಕ್ ಜೊತೆ ಸೇರಿಸಬಹುದಾ? ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಬೇಕಾ? ಮೊದಲ ದಿನ ಮುಗಿದ ಮೇಲೆ ರಾತ್ರಿ ಸ್ಟ್ಯಾಂಡ್‌ನಲ್ಲೇ ಬಿಟ್ಟು ಹೋಗಬಹುದಾ?

ಉತ್ತರ: ಧೈರ್ಯವಾಗಿ ಇಡಿ. 1998ರಲ್ಲಿ ಬಂದ ಆರ್-121 ಹೆಸರು ಮಾಡಿದ್ದೇ ಜೋರಾದ ಗಿಟಾರ್ ಕ್ಯಾಬ್‌ಗಳ ಮುಂದೆ. ಹಾಗಂತ ಹೆದರಿಸಿದವರು ಸುಳ್ಳು ಹೇಳುತ್ತಿಲ್ಲ. ರಿಬ್ಬನ್‌ಗಳು ಹಾಳಾಗುತ್ತವೆ. ಆದರೆ ನಾನು ನೋಡಿದ ಮಟ್ಟಿಗೆ, ನುಡಿಸುತ್ತಿರುವಾಗ ಹಾಳಾಗುವುದು ಕಡಿಮೆ. ಅದಕ್ಕೆ ಮೊದಲು ಅಥವಾ ಎಲ್ಲ ಮುಗಿದ ಮೇಲೆ ಹಾಳಾಗುವುದೇ ಜಾಸ್ತಿ.

ನನ್ನ ಕೈಯಲ್ಲೂ ಒಂದು ರಿಬ್ಬನ್ ಹೋಗಿದೆ. ಆ ಮೈಕ್ ಇಡೀ ದಿನ ದೊಡ್ಡ ಆಂಪ್ ಮುಂದೆ ನಿಂತಿತ್ತು, ಏನೂ ಆಗಿರಲಿಲ್ಲ. ಸಂಜೆ ಅದನ್ನು ಪೆಟ್ಟಿಗೆಯಲ್ಲಿ ಇಟ್ಟು, ಆತುರದಲ್ಲಿ ಮುಚ್ಚಳವನ್ನು ಧಪ್ ಅಂತ ಹಾಕಿದೆ. ಒಳಗೆಲ್ಲ ಫೋಮ್ ತುಂಬಿದ, ಬಿಗಿಯಾದ ಪೆಟ್ಟಿಗೆ ಅದು. ಒಳಗಿನ ಗಾಳಿಗೆ ಹೊರಹೋಗಲು ದಾರಿ ಇರಲಿಲ್ಲ, ಮೈಕ್‌ನ ಜಾಲರಿಯೊಳಗೇ ನುಗ್ಗಿತು. ಮರುದಿನ ತೆಗೆದು ಹಚ್ಚಿದರೆ ಸದ್ದು ಮಂಕು, ಮಟ್ಟವೂ ಕಡಿಮೆ. ರಿಬ್ಬನ್ ಹಿಗ್ಗಿ ಜೋತುಬಿದ್ದಿತ್ತು. ಅದೂ ಬೇರೆಯವರ ಮೈಕ್. ಆ ಬೇಸರ ಇವತ್ತಿಗೂ ಹೋಗಿಲ್ಲ. ನಿಮ್ಮ ಕೈಯಲ್ಲೂ ಈಗ ಬೇರೆಯವರ ಮೈಕ್ ಇದೆ ಅಂತ ಓದಿದ ಕೂಡಲೇ ಈ ಉತ್ತರವನ್ನು ಉದ್ದವಾಗಿಯೇ ಬರೆಯಬೇಕು ಅನ್ನಿಸಿತು.

ಒಳಗೆ ಏನಿದೆ ಅಂತ ಮೊದಲು ನೋಡೋಣ. ಎರಡು ಬಲವಾದ ಅಯಸ್ಕಾಂತದ ತುದಿಗಳ ನಡುವಿನ ಕಿರಿದಾದ ಸಂದಿಯಲ್ಲಿ ಒಂದು ಅಲ್ಯೂಮಿನಿಯಂ ಪಟ್ಟಿ ಉದ್ದಕ್ಕೆ ನಿಂತಿರುತ್ತದೆ. ಅದೇ ರಿಬ್ಬನ್. ಆರ್-121ರಲ್ಲಿ ಅದರ ದಪ್ಪ 2.5 ಮೈಕ್ರಾನ್. ತಲೆಗೂದಲಿನ ಸುಮಾರು ಮೂವತ್ತರಲ್ಲಿ ಒಂದು ಪಾಲು ಅನ್ನಿ. ಮುದುರದೆ ಬಳುಕಲಿ ಅಂತ ಅದಕ್ಕೆ ಸಣ್ಣ ಸಣ್ಣ ನೆರಿಗೆ ಹಾಕಿರುತ್ತಾರೆ. ಗಾಳಿ ಆಡಿದಂತೆ ಪಟ್ಟಿಯೂ ಆಡುತ್ತದೆ, ಆಡಿದಾಗ ಅದರಲ್ಲಿ ತುಂಬ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಮೈಕ್ ಒಳಗಿನ ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸಿ ಹೊರಗೆ ಕಳಿಸುತ್ತದೆ. ರಿಬ್ಬನ್‌ನ ಮುಂದೂ ಬಯಲು, ಹಿಂದೂ ಬಯಲು. ಗಾಳಿ ಎಷ್ಟು ವೇಗವಾಗಿ ಆಚೀಚೆ ಹೋಗುತ್ತದೋ ರಿಬ್ಬನ್ನೂ ಹೆಚ್ಚುಕಮ್ಮಿ ಅಷ್ಟೇ ವೇಗದಲ್ಲಿ ಹೋಗುತ್ತದೆ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಈಗ ನಿಮ್ಮ ಆಂಪ್ ಎಷ್ಟು ಜೋರು ಅಂತ ಲೆಕ್ಕ ಹಾಕೋಣ. ನಿಮ್ಮ ಕ್ಯಾಬ್‌ನಲ್ಲಿ ಸೆಲೆಶನ್ ವಿಂಟೇಜ್ 30 ತರಹದ ಸ್ಪೀಕರ್ ಇದೆ ಅಂತ ಇಟ್ಟುಕೊಳ್ಳಿ. ಅದಕ್ಕೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 100 ಡೆಸಿಬಲ್ ಸದ್ದು ಬರುತ್ತದೆ. ನಿಮ್ಮ 100 ವಾಟ್ ನಾಲ್ಕು ಸ್ಪೀಕರ್‌ಗೆ ಹಂಚಿಹೋಗುತ್ತದೆ, ಒಂದೊಂದಕ್ಕೆ 25 ವಾಟ್. ಅಂದರೆ ಒಂದು ಸ್ಪೀಕರ್‌ನಿಂದ 1 ಮೀಟರ್‌ನಲ್ಲಿ 114 ಡೆಸಿಬಲ್. ಮೈಕನ್ನು 10 ಸೆಂಟಿಮೀಟರ್‌ಗೆ ತಂದರೆ, ಪುಸ್ತಕದ ಲೆಕ್ಕದಲ್ಲಿ ಇನ್ನೂ 20 ಡೆಸಿಬಲ್ ಸೇರಿ 134. ಆದರೆ ಸ್ಪೀಕರ್‌ನ ಅಷ್ಟು ಅಗಲದ ಕೋನ್ (ಅದುರುವ ಭಾಗ) ಹತ್ತಿರ ಸದ್ದು ಪುಸ್ತಕದಲ್ಲಿ ಹೇಳಿದಷ್ಟು ಏರುವುದಿಲ್ಲ, ಅದಕ್ಕಿಂತ ಕಡಿಮೆಯಲ್ಲೇ ನಿಲ್ಲುತ್ತದೆ. ಆರ್-121ಕ್ಕೆ ತಯಾರಕರು ಕೊಟ್ಟಿರುವ ಮಿತಿ 135 ಡೆಸಿಬಲ್, ಅದೂ 20 ಹರ್ಟ್ಸ್‌ನಲ್ಲಿ. ರಿಬ್ಬನ್‌ಗೆ ಅತಿ ಕಷ್ಟವಾಗುವುದು ಅಂಥ ಕೆಳ ಸ್ವರದಲ್ಲೇ. ಗಿಟಾರ್ ಅಲ್ಲಿಗೆ ಇಳಿಯುವುದೇ ಇಲ್ಲ. ಹಾಗಾಗಿ ನೀವು ಮಿತಿಯ ಒಳಗೇ ಇದ್ದೀರಿ.

ಕೆಳ ಸ್ವರ ಯಾಕೆ ಕಷ್ಟ? ಸದ್ದಿನ ಮಟ್ಟ ಒಂದೇ ಇದ್ದರೂ ಸ್ವರ ಕೆಳಗಿಳಿದಷ್ಟೂ ಗಾಳಿ ಹೆಚ್ಚು ದೂರ ಓಡಾಡುತ್ತದೆ. 134 ಡೆಸಿಬಲ್ ಅಂದರೆ ಸಾಮಾನ್ಯ ಸದ್ದಿನ ಅಲೆಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 24 ಸೆಂಟಿಮೀಟರ್. 3,000 ಹರ್ಟ್ಸ್‌ನಲ್ಲಿ ಆ ವೇಗಕ್ಕೆ ಗಾಳಿ ಆಡುವುದು ಒಂದು ಮಿಲಿಮೀಟರ್‌ನ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ನೀವು ಇಳಿಸಿದ 'ಡಿ' ತಂತಿ 73 ಹರ್ಟ್ಸ್‌ನದು. ಅಲ್ಲಿ ಅದೇ ವೇಗಕ್ಕೆ ಅರ್ಧ ಮಿಲಿಮೀಟರ್ ಆಡುತ್ತದೆ. ನಲವತ್ತು ಪಟ್ಟು! ಕಿವಿ ಚುಚ್ಚುವ ಲೀಡ್ ಸದ್ದು ರಿಬ್ಬನ್‌ಗೆ ಏನೂ ಅಲ್ಲ. ಅಂಗೈ ಒತ್ತಿ ನುಡಿಸುವ ದಪ್ಪ ತಂತಿಯ 'ಧಗ್ ಧಗ್' ಇದೆಯಲ್ಲ, ಅದೇ ಅದಕ್ಕೆ ಕೆಲಸ.

ಈಗ ಇದನ್ನು ಊದುವ ಉಸಿರಿನ ಜೊತೆ ಹೋಲಿಸಿ. ಮೇಣದ ಬತ್ತಿ ಆರಿಸಲು ಫೂ ಅಂತ ಊದಿದರೆ ಗಾಳಿ ಸೆಕೆಂಡಿಗೆ ಮೀಟರ್‌ಗಟ್ಟಲೆ ವೇಗದಲ್ಲಿ ಹೋಗುತ್ತದೆ. 134 ಡೆಸಿಬಲ್‌ನ ಅಲೆಯಲ್ಲಿರುವುದು ಕಾಲು ಮೀಟರ್. ಮೇಲಾಗಿ ಉಸಿರು ಅಲೆಯ ಹಾಗೆ ಆಚೀಚೆ ಆಡುವುದಿಲ್ಲ. ಒಂದೇ ಕಡೆಗೆ ತಳ್ಳುತ್ತಲೇ ಇರುತ್ತದೆ. ರಿಬ್ಬನ್ ಹಿಗ್ಗುವುದು ಹಾಗೆ. 'ಹಲೋ ಹಲೋ, ಚೆಕ್' ಅಂತ ಮೈಕ್‌ಗೆ ಬಾಯಿಟ್ಟು ಊದಿ ನೋಡುವ ಅಭ್ಯಾಸ ಕೆಲವರಿಗಿದೆ. ಒಂದು ಸಂಜೆಯ ಗಿಟಾರ್‌ಗಿಂತ ಆ ಒಂದು ಫೂ ಹೆಚ್ಚು ಹಾನಿ ಮಾಡಬಲ್ಲದು. ಬ್ಯಾಂಡ್‌ನ ಎಲ್ಲರಿಗೂ ಮೊದಲೇ ಹೇಳಿಬಿಡಿ: ಈ ಮೈಕನ್ನು ಯಾರೂ ಊದಬಾರದು, ತಟ್ಟಬಾರದು.

ಹಾಗಾಗಿ ಮೈಕ್ ಇಡುವ ಮೊದಲು ಡೆಸಿಬಲ್ ಮೀಟರ್‌ಗಿಂತ ಕೈ ಹೆಚ್ಚು ಉಪಯೋಗ. ಯಾರಾದರೂ ದಪ್ಪ ತಂತಿಯಲ್ಲಿ ನಿಮ್ಮ ಹಾಡಿನ ಅತಿ ಜೋರಾದ ಭಾಗ ನುಡಿಸಲಿ. ನೀವು ಕಿವಿಗೆ ರಕ್ಷಣೆ ಹಾಕಿಕೊಂಡು, ಮೈಕ್ ಬರಬೇಕಾದ ಜಾಗದಲ್ಲಿ ಅಂಗೈ ಹಿಡಿಯಿರಿ. ಅದುರಿದಂತೆ ಅನ್ನಿಸಿದರೆ ಚಿಂತೆಯಿಲ್ಲ. ತಣ್ಣಗೆ ಗಾಳಿ ಬೀಸಿದಂತೆ ಅನ್ನಿಸಿದರೆ ಅಲ್ಲಿ ಬೇಡ. ಟಿಶ್ಯೂ ಪೇಪರ್‌ನ ಸಣ್ಣ ಪಟ್ಟಿಯನ್ನು ಕಡ್ಡಿಗೆ ಅಂಟಿಸಿ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅದು ನಡುಗಿದರೆ ಸರಿ, ಒಂದು ಕಡೆಗೆ ಹಾರಿದರೆ ದೂರ ಸರಿಯಿರಿ. ಸಾಮಾನ್ಯವಾಗಿ ಹಿಂಬದಿ ಮುಚ್ಚಿದ ಕ್ಯಾಬ್‌ನ ಮುಂದೆ ಬೀಸುಗಾಳಿ ಕಡಿಮೆಯೇ. ಆದರೆ ಕೆಲವು ಕ್ಯಾಬ್‌ಗಳ ಮುಖದಲ್ಲೇ ಬಾಸ್‌ಗಾಗಿ ತೂತು ಇರುತ್ತದೆ. ಅದರೊಳಗಿಂದ ಗಾಳಿ ಬುಸುಗುಟ್ಟುತ್ತದೆ, ಅದರ ಎದುರಿಗೆ ಮಾತ್ರ ರಿಬ್ಬನ್ ಇಡಲೇಬೇಡಿ. ಸಂಶಯ ಇದ್ದರೆ ಹಾಡುಗಾರರು ಬಳಸುವ ಪಾಪ್ ಫಿಲ್ಟರ್ ಒಂದನ್ನು ಮೈಕ್ ಮುಂದೆ ನಿಲ್ಲಿಸಿ. ಗಿಟಾರ್ ಸದ್ದಿಗೆ ಅದು ಅಡ್ಡಿ ಮಾಡುವುದು ತೀರ ಕಡಿಮೆ.

ದೂರದ ಪ್ರಶ್ನೆಗೆ ಬರೋಣ. ಗ್ರಿಲ್ ಬಟ್ಟೆಯಿಂದ 15ರಿಂದ 20 ಸೆಂಟಿಮೀಟರ್‌ನಲ್ಲಿ ಶುರು ಮಾಡಿ. ಎಸ್‌ಎಂ57 ಇಡುವ ಹಾಗೆ ಬಟ್ಟೆಗೆ ಅಂಟಿಸಿ ಇಡಬೇಡಿ. ಇದಕ್ಕೆ ಕಾರಣ ತಿಳಿದುಕೊಂಡರೆ ಒಳ್ಳೆಯದು, ಯಾಕೆಂದರೆ ಇಲ್ಲಿ ಸದ್ದಿನ ಗುಣ ಮತ್ತು ರಿಬ್ಬನ್‌ನ ಕ್ಷೇಮ ಎರಡೂ ಒಂದೇ ವಿಷಯ.

ಸದ್ದಿನ ಮೂಲಕ್ಕೆ ತುಂಬ ಹತ್ತಿರ ಹೋದಾಗ, ಕೆಳ ಸ್ವರಗಳಲ್ಲಿ ಗಾಳಿಯ ವೇಗ ಒತ್ತಡಕ್ಕಿಂತ ಬೇಗ ಏರುತ್ತದೆ. ಮೂಲವನ್ನು ಒಂದು ಚುಕ್ಕಿ ಅಂತ ಹಿಡಿದರೆ, 100 ಹರ್ಟ್ಸ್‌ನಲ್ಲಿ, 10 ಸೆಂಟಿಮೀಟರ್ ದೂರದಲ್ಲಿ ಗಾಳಿಯ ವೇಗ ದೂರದ ಅಲೆಯಲ್ಲಿ ಇರುವುದಕ್ಕಿಂತ ಐದು ಪಟ್ಟು ಜಾಸ್ತಿ, ಒತ್ತಡ ಅಷ್ಟೇ ಇದ್ದರೂ! 30 ಸೆಂಟಿಮೀಟರ್‌ಗೆ ಬಂದರೆ ಅದು ಎರಡು ಪಟ್ಟಿಗೆ ಇಳಿಯುತ್ತದೆ. ನಿಜವಾದ ಸ್ಪೀಕರ್ ಚುಕ್ಕಿಯಲ್ಲ, ಅಂಕಿ ಸ್ವಲ್ಪ ಬದಲಾಗುತ್ತದೆ, ಆದರೆ ದಾರಿ ಇದೇ. ರಿಬ್ಬನ್ ಆಡುವುದು ಗಾಳಿಯ ವೇಗಕ್ಕೆ ತಾನೇ? ಅದಕ್ಕೇ ಹತ್ತಿರ ಹೋದಷ್ಟೂ ಬಾಸ್ ಉಬ್ಬುತ್ತದೆ. ಇದನ್ನೇ ಪ್ರಾಕ್ಸಿಮಿಟಿ ಎಫೆಕ್ಟ್ ಅನ್ನುತ್ತಾರೆ. ಆರ್-121ರಂಥ ಎಂಟರ ಆಕಾರದ (ಮುಂದೆ, ಹಿಂದೆ ಎರಡೂ ಕಡೆ ಕೇಳಿಸಿಕೊಳ್ಳುವ) ಮೈಕ್‌ಗಳಲ್ಲಿ ಇದು ಬೇರೆಲ್ಲ ಮೈಕ್‌ಗಳಿಗಿಂತ ಜೋರು.

ಇದರಿಂದ ನಿಮಗೆ ಒಂದು ಒಳ್ಳೆಯ ಗುರುತು ಸಿಕ್ಕಿತು. ಹೆಡ್‌ಫೋನ್‌ನಲ್ಲಿ ಬಾಸ್ ಬುಮ್ ಬುಮ್ ಅಂತ ಉಬ್ಬಿ ಕೇಳಿಸುತ್ತಿದ್ದರೆ, ಒಳಗೆ ರಿಬ್ಬನ್ ಅಷ್ಟೇ ಜೋರಾಗಿ ಆಚೀಚೆ ಹೋಗುತ್ತಿದೆ ಅಂತ ಅರ್ಥ. ಆಗ ಇಕ್ವಲೈಸರ್‌ನಲ್ಲಿ ಬಾಸ್ ಕತ್ತರಿಸಿ ಮುಂದುವರಿಯಬೇಡಿ. ಅದರಿಂದ ನಿಮ್ಮ ಕಿವಿಗೆ ಸಮಾಧಾನ ಆಗುತ್ತದೆ, ರಿಬ್ಬನ್‌ಗೆ ಏನೂ ಕಡಿಮೆ ಆಗುವುದಿಲ್ಲ. ಸ್ಟ್ಯಾಂಡನ್ನೇ ಹಿಂದೆ ಎಳೆಯಿರಿ. ಸಾಮಾನ್ಯವಾಗಿ ಬಾಸ್ ಹದಕ್ಕೆ ಬಂದ ಜಾಗವೇ ರಿಬ್ಬನ್‌ಗೂ ಹಿತವಾದ ಜಾಗ. ನಾನು ಈ ಮೈಕ್‌ಗಳನ್ನು ಇಷ್ಟಪಡಲು ಇದೂ ಒಂದು ಕಾರಣ. ತನಗೆ ಕಷ್ಟವಾದರೆ ಅದು ಸದ್ದಿನಲ್ಲೇ ಹೇಳಿಬಿಡುತ್ತದೆ.

ಮೈಕನ್ನು ಸ್ವಲ್ಪ ತಿರುಗಿಸಿ ಇಡುವುದೂ ಒಂದು ಉಪಾಯ. 45 ಡಿಗ್ರಿ ಪಕ್ಕಕ್ಕೆ ತಿರುಗಿಸಿದರೆ ಮಟ್ಟ 3 ಡೆಸಿಬಲ್ ಇಳಿಯುತ್ತದೆ, ಅಂದರೆ ರಿಬ್ಬನ್ ಆಟ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ. ಇಲ್ಲಿ ಒಂದು ಸಣ್ಣ ಗುಟ್ಟು ಇದೆ. ರಿಬ್ಬನ್ ಅಗಲದಲ್ಲಿ ಕಿರಿದು, ಎತ್ತರದಲ್ಲಿ ಉದ್ದ. ಎಡಕ್ಕೋ ಬಲಕ್ಕೋ ತಿರುಗಿಸಿದರೆ ಮಟ್ಟ ಇಳಿಯುತ್ತದೆ, ಸದ್ದಿನ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಟ್ರೆಬಲ್ ಕಡಿಮೆಯಾಗುತ್ತದೆ, ಯಾಕೆಂದರೆ ಸದ್ದು ರಿಬ್ಬನ್‌ನ ಎರಡು ತುದಿಗೆ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ನಿಮ್ಮ ಆಂಪ್ ತೀರ ಚೂಪಾಗಿದ್ದರೆ ಬಾಗಿಸಿ ನೋಡಿ. ಇಲ್ಲದಿದ್ದರೆ ಪಕ್ಕಕ್ಕೆ ತಿರುಗಿಸಿದರೆ ಸಾಕು.

ಜಾಗ ಹುಡುಕುವಾಗ ಟಾರ್ಚ್ ಹಿಡಿದು ಗ್ರಿಲ್ ಬಟ್ಟೆಯೊಳಗೆ ನೋಡಿ. ಕೋನ್‌ನ ನಡುವೆ ದುಂಡಗಿನ ಡಸ್ಟ್ ಕ್ಯಾಪ್ ಕಾಣುತ್ತದೆ, ಅದರ ಅಂಚಿಗೆ ಸರಿಯಾಗಿ ಬಟ್ಟೆಯ ಮೇಲೆ ಒಂದು ಚೂರು ಟೇಪ್ ಅಂಟಿಸಿಕೊಳ್ಳಿ. ನಡುವಿಗೆ ಹೋದರೆ ಸದ್ದು ಚೂಪು, ಅಂಚಿಗೆ ಹೋದರೆ ಮೃದು. ಎಸ್‌ಎಂ57 ಬಳಸಿ ರೂಢಿಯಾದವರು ನಡುವನ್ನು ಬಿಟ್ಟು ಅಂಚಿನ ಕಡೆ ಇಡುತ್ತಾರೆ, ಅಲ್ವಾ? ರಿಬ್ಬನ್‌ಗೆ ಆ ಅಂಜಿಕೆ ಬೇಡ. ನಡುವಿಗೆ ಹೋಗಿಯೂ ಕೇಳಿ. ನಾಲ್ಕೂ ಸ್ಪೀಕರ್‌ಗಳನ್ನು ಒಂದೊಂದಾಗಿ ಕೇಳುವುದನ್ನು ಮರೆಯಬೇಡಿ. ಒಂದೇ ಮಾದರಿಯ ನಾಲ್ಕು ಸ್ಪೀಕರ್ ಒಂದೇ ತರಹ ಕೇಳಿಸುವುದನ್ನು ನಾನು ಇದುವರೆಗೆ ಕಂಡಿಲ್ಲ.

ಇಷ್ಟೆಲ್ಲ ಜೋಪಾನ ಮಾಡಿ ಯಾಕೆ ಬಳಸಬೇಕು ಅಂತ ಕೇಳಬಹುದು. ಕಾರಣ ಮೇಲಿನ ಸ್ವರಗಳಲ್ಲಿದೆ. 1965ರಿಂದ ಇರುವ ಎಸ್‌ಎಂ57 ತುಂಬ ಒಳ್ಳೆಯ ಮೈಕ್. ಆದರೆ ಅದಕ್ಕೆ 5,000–6,000 ಹರ್ಟ್ಸ್ ಸುತ್ತ ಒಂದು ಉಬ್ಬು ಇದೆ. ಗಿಟಾರ್ ಸ್ಪೀಕರ್‌ಗೂ 2,000ದಿಂದ 5,000 ಹರ್ಟ್ಸ್ ನಡುವೆ ತನ್ನದೇ ಉಬ್ಬು ಇರುತ್ತದೆ. ಡಿಸ್ಟಾರ್ಶನ್ ಜಾಸ್ತಿ ಇದ್ದಾಗ ಎರಡು ಉಬ್ಬು ಅಕ್ಕಪಕ್ಕ ಸೇರಿ 'ಝರ್ರ್' ಅನ್ನುವ ಒರಟು ಸದ್ದು ಬರುತ್ತದೆ. ರಿಬ್ಬನ್‌ನ ಸ್ವಂತ ಅನುರಣನ ತೀರ ಕೆಳಗೆ, ಕಿವಿ ಕೇಳುವ ಕೆಳತುದಿಯ ಹತ್ತಿರ ಇರುತ್ತದೆ. ಮೇಲೆ ಕಿರಿಕಿರಿ ಮಾಡುವ ಉಬ್ಬು ಇಲ್ಲ, ಸದ್ದು ನಯವಾಗಿ ಇಳಿದು ಹೋಗುತ್ತದೆ. ಆಂಪ್ ಮುಂದೆ ಸ್ವಲ್ಪ ದೂರದಲ್ಲಿ ನಿಂತಾಗ ಕೇಳುವ ಆ ತುಂಬಿದ ಸದ್ದಿಗೆ ಇದು ಹತ್ತಿರ. ಮೊದಲ ಸಲ ಕೇಳಿದಾಗ ಮಂಕು ಅನ್ನಿಸಬಹುದು. ಹೆದರದೆ ಟ್ರೆಬಲ್ ಏರಿಸಿ. ಎಷ್ಟು ಏರಿಸಿದರೂ ಒರಟಾಗದೆ ತೆಗೆದುಕೊಳ್ಳುವುದು ರಿಬ್ಬನ್‌ನ ದೊಡ್ಡ ಗುಣ.

ಇದು ಹೊಸ ಪ್ರಯೋಗವೂ ಅಲ್ಲ. ಜಿಮಿ ಹೆಂಡ್ರಿಕ್ಸ್ ಗಿಟಾರನ್ನು ರೆಕಾರ್ಡ್ ಮಾಡಿದ ಎಡ್ಡಿ ಕ್ರಾಮರ್ ಅವರ ಮೆಚ್ಚಿನ ಮೈಕ್‌ಗಳಲ್ಲಿ ಬೇಯರ್‌ಡೈನಾಮಿಕ್ ಎಂ160 ಒಂದು. ಅದೂ ರಿಬ್ಬನ್ನೇ, ಚಿಕ್ಕ ಗಾತ್ರದ್ದು, ಒಳಗೆ ಎರಡು ರಿಬ್ಬನ್ ಇರುವಂಥದ್ದು. ಆದರೆ ಆರ್-121ಕ್ಕೆ ಹೇಳಿದ್ದೆಲ್ಲ ಎಲ್ಲ ರಿಬ್ಬನ್‌ಗೂ ಹೊಂದುತ್ತದೆ ಅಂದುಕೊಳ್ಳಬೇಡಿ. 1930ರ ದಶಕದ ಆರ್‌ಸಿಎ 44, 1950ರ ದಶಕದಲ್ಲಿ ಬಿಬಿಸಿ ರೂಪಿಸಿದ 4038 ಇವೆಲ್ಲ ಬೇರೆಯೇ ಕಾಲದ, ಬೇರೆಯೇ ಕೆಲಸದ ಮೈಕ್‌ಗಳು. 4038ರ ರಿಬ್ಬನ್ ಒಂದು ಮೈಕ್ರಾನ್‌ಗಿಂತಲೂ ತೆಳು. ಅಂಥವು ಕೈಗೆ ಸಿಕ್ಕರೆ ದೂರದಲ್ಲೇ ನಿಲ್ಲಿಸಿ. ಇನ್ನೊಂದು ತುದಿಯಲ್ಲಿ, ಶೂರ್ ಕಂಪನಿಯ ಕೆಎಸ್‌ಎಂ313ರಂಥ ಮೈಕ್‌ಗಳು ಅಲ್ಯೂಮಿನಿಯಂ ಬಿಟ್ಟು ಇನ್ನೂ ಗಟ್ಟಿಯಾದ ರಿಬ್ಬನ್ ಬಳಸುತ್ತವೆ.

ಬೂಸ್ಟರ್ ಬೇಡ. ರಿಬ್ಬನ್‌ಗೆ 60–70 ಡೆಸಿಬಲ್ ಗೇನ್ (ಸಿಗ್ನಲ್ ಏರಿಸುವಿಕೆ) ಬೇಕು ಅನ್ನುವ ಮಾತು ಮೆಲುದನಿಯ ಹಾಡು, ದೂರದ ವಾದ್ಯ ಇಂಥವಕ್ಕೆ ನಿಜ. ನಿಮ್ಮ ಆಂಪ್ ಮುಂದೆ ಲೆಕ್ಕವೇ ಬೇರೆ. ಈ ಮೈಕ್ 94 ಡೆಸಿಬಲ್ ಸದ್ದಿಗೆ ವೋಲ್ಟ್‌ನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ಕೊಡುತ್ತದೆ. ಸದ್ದು 130ಕ್ಕೆ ಏರಿದರೆ ಅದೇ ಮೈಕ್ ಕಾಲು ವೋಲ್ಟ್ ಕೊಡುತ್ತದೆ. ಅದು ಮನೆಬಳಕೆಯ ಸಾಧನಗಳ ಲೈನ್ ಔಟ್‌ಗೆ ಹತ್ತಿರದ ಮಟ್ಟ. ಮೈಕ್ ಸಿಗ್ನಲ್ ಏರಿಸುವ ಮಾಮೂಲಿ ಪ್ರೀಆಂಪ್‌ನ ಗೇನ್ ಸ್ವಲ್ಪ ತಿರುಗಿಸಿದರೆ ಸಾಕು. ಮೇಲೆ 20 ಡೆಸಿಬಲ್‌ನ ಬೂಸ್ಟರ್ ಸೇರಿಸಿದರೆ ಪ್ರೀಆಂಪ್‌ನಲ್ಲಿ ಸದ್ದು ಒಡೆಯುತ್ತದೆ ಅಷ್ಟೇ. ಪ್ರೀಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಮಾತ್ರ ನೋಡಿಕೊಳ್ಳಿ. ಮೈಕ್‌ನದು 300 ಓಮ್, ಪ್ರೀಆಂಪ್‌ನದು ಕಡಿಮೆ ಅಂದರೂ 1,500 ಓಮ್ ಇರಬೇಕು. ಮೈಕನ್ನು ಕಂಪ್ಯೂಟರ್‌ಗೆ ಸೇರಿಸುವ ಈಗಿನ ಇಂಟರ್‌ಫೇಸ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಫ್ಯಾಂಟಮ್ ಪವರ್ ವಿಷಯದಲ್ಲಿ ಅರ್ಧ ಸತ್ಯ ಇದೆ. 48 ವೋಲ್ಟ್ ಮೈಕ್ ಕೇಬಲ್‌ನ ಎರಡು ಮತ್ತು ಮೂರನೇ ಪಿನ್‌ಗೆ ಸಮನಾಗಿ ಬರುತ್ತದೆ. ಎರಡೂ ಕಡೆ ಒಂದೇ ವೋಲ್ಟೇಜ್ ಇದ್ದರೆ ಟ್ರಾನ್ಸ್‌ಫಾರ್ಮರ್ ಸುರುಳಿಯಲ್ಲಿ ಕರೆಂಟ್ ಹರಿಯುವುದಿಲ್ಲ, ರಿಬ್ಬನ್‌ಗೆ ಏನೂ ಗೊತ್ತಾಗುವುದಿಲ್ಲ. ಅಪಾಯ ಬರುವುದು ಆ ಸಮತೋಲನ ತಪ್ಪಿದಾಗ. ಕೇಬಲ್ ಒಳಗೆ ಒಂದು ತಂತಿ ಬಿಟ್ಟಿದ್ದರೆ, ಬೆಸುಗೆ ತಪ್ಪಾಗಿದ್ದರೆ, ಅಥವಾ ಪ್ಯಾಚ್ ಬೇಯಲ್ಲಿ (ಸ್ಟುಡಿಯೋದ ಕೇಬಲ್‌ಗಳನ್ನು ಜೋಡಿಸುವ ಫಲಕ) ಜಾಕ್ ತೂರಿಸುವಾಗ ಒಂದೊಂದೇ ಸಂಪರ್ಕ ತಗುಲುತ್ತಾ ಹೋದರೆ, ಒಂದು ಕ್ಷಣ ಒಂದೇ ಕಡೆ ವೋಲ್ಟೇಜ್ ಇರುತ್ತದೆ. ಆ ಕ್ಷಣದ ಹೊಡೆತ ಟ್ರಾನ್ಸ್‌ಫಾರ್ಮರ್ ದಾಟಿ ರಿಬ್ಬನ್‌ಗೆ ತಲುಪಿ, ಅದನ್ನು ಸಂದಿಯಿಂದಾಚೆಗೆ ಎಳೆಯುತ್ತದೆ. ಹಾಗಾಗಿ ಚೆನ್ನಾಗಿದೆ ಅಂತ ಗೊತ್ತಿರುವ ಕೇಬಲ್ ಬಳಸಿ, ನೇರವಾಗಿ ಪ್ರೀಆಂಪ್‌ಗೆ ಹಾಕಿ. ಫ್ಯಾಂಟಮ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆಮೇಲೆ ಮೈಕ್ ಸಿಕ್ಕಿಸಿ. ಕೆಲವು ಇಂಟರ್‌ಫೇಸ್‌ಗಳಲ್ಲಿ ಒಂದು ಬಟನ್ ಒತ್ತಿದರೆ ನಾಲ್ಕೋ ಎಂಟೋ ಚಾನೆಲ್‌ಗೆ ಒಟ್ಟಿಗೇ ಫ್ಯಾಂಟಮ್ ಹೋಗುತ್ತದೆ. ಕೋಣೆಯ ಸದ್ದಿಗೆ ಫ್ಯಾಂಟಮ್ ಬೇಕಾಗುವ ಕಂಡೆನ್ಸರ್ ಮೈಕ್ ಹಚ್ಚುವ ಯೋಚನೆ ಇದ್ದರೆ ಇದನ್ನು ಮೊದಲೇ ನೋಡಿ. ಆರ್-122ರಂಥ, ಒಳಗೇ ಸಿಗ್ನಲ್ ಏರಿಸುವ ಸರ್ಕ್ಯೂಟ್ ಇರುವ ಆಕ್ಟಿವ್ ರಿಬ್ಬನ್‌ಗಳಿಗೆ ಫ್ಯಾಂಟಮ್ ಬೇಕೇ ಬೇಕು, ಅದು ಬೇರೆ ಕತೆ.

ಇನ್ನೊಂದು ಮಾತು. ಮೈಕ್ ಸರಿಯಿದೆಯಾ ನೋಡೋಣ ಅಂತ ಮಲ್ಟಿಮೀಟರ್‌ನ ಓಮ್ ಸೆಟ್ಟಿಂಗ್ ಹಚ್ಚಬೇಡಿ. ಮೀಟರ್ ಕಳಿಸುವ ಕರೆಂಟ್ ಕೂಡ ರಿಬ್ಬನ್‌ಗೆ ಪೆಟ್ಟು ಕೊಡಬಲ್ಲದು.

ಆಂಪ್‌ನಿಂದಲೇ ಬರುವ ಪೆಟ್ಟುಗಳೂ ಇವೆ. ಆಂಪ್ ಆನ್ ಇರುವಾಗ ಗಿಟಾರ್ ಕೇಬಲ್ ಎಳೆದರೆ 'ಠಪ್' ಅನ್ನುತ್ತದಲ್ಲ, ಆಗ ಕೋನ್ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. ಅದು ಸ್ವರ ಅಲ್ಲ, ಗಾಳಿಯ ಗುದ್ದು. ಸ್ಟ್ಯಾಂಡ್‌ಬೈ ತೆಗೆಯುವುದು, ಪೆಡಲ್ ಬದಲಿಸುವುದು ಎಲ್ಲವನ್ನೂ ವಾಲ್ಯೂಮ್ ಇಳಿಸಿ ಮಾಡಿ. ಒಂದು ಆಕ್ಟೇವ್ ಕೆಳಗಿನ ಸ್ವರ ಸೇರಿಸುವ ಪೆಡಲ್ ಇದ್ದರೆ ನಿಮ್ಮ 73 ಹರ್ಟ್ಸ್ 37ಕ್ಕೆ ಇಳಿಯುತ್ತದೆ. ಆ ಹಾಡಿಗೆ ಮೈಕನ್ನು ಇನ್ನೂ ಒಂದು ಗೇಣು ಹಿಂದೆ ಇಡಿ.

ಎಸ್‌ಎಂ57 ಜೊತೆ ಖಂಡಿತ ಸೇರಿಸಿ. ಈ ಜೋಡಿ ಎಲ್ಲ ಕಡೆ ನಡೆಯುತ್ತಿರುವುದು ಸುಮ್ನೆ ಅಲ್ಲ. ಒಂದು ಕಚ್ಚುತ್ತದೆ, ಇನ್ನೊಂದು ತುಂಬುತ್ತದೆ. ಆದರೆ ಎರಡಕ್ಕೂ ಸದ್ದು ಒಂದೇ ಹೊತ್ತಿಗೆ ತಲುಪಬೇಕು. ಎರಡರ ದೂರದಲ್ಲಿ 5 ಸೆಂಟಿಮೀಟರ್ ವ್ಯತ್ಯಾಸ ಇದ್ದರೆ 3,400 ಹರ್ಟ್ಸ್ ಹತ್ತಿರ ಎರಡೂ ಒಂದನ್ನೊಂದು ಅಳಿಸಿ, ಸದ್ದಿನಲ್ಲಿ ಒಂದು ಗುಂಡಿ ಬೀಳುತ್ತದೆ. ಗಿಟಾರ್‌ನ ಜೀವ ಇರುವ ಜಾಗ ಅದು! ವ್ಯತ್ಯಾಸ 1 ಸೆಂಟಿಮೀಟರ್ ಆದರೆ ಆ ಗುಂಡಿ 17,000ಕ್ಕೆ ಹೋಗುತ್ತದೆ, ಗಿಟಾರ್ ಸ್ಪೀಕರ್‌ನಲ್ಲಿ ಅಲ್ಲಿ ಏನೂ ಇಲ್ಲ. ಸರಿಮಾಡುವ ದಾರಿ ಹೀಗೆ. ಒಂದು ಮೈಕ್‌ನ ಪೊಲಾರಿಟಿ (ಸಿಗ್ನಲ್‌ನ ಪ್ಲಸ್-ಮೈನಸ್) ತಿರುಗಿಸಿ, ಎರಡನ್ನೂ ಸಮ ಮಟ್ಟಕ್ಕೆ ತನ್ನಿ. ಆಮೇಲೆ ಎಸ್‌ಎಂ57 ಅನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಮಾಡಿ. ಸದ್ದು ಅತಿ ತೆಳ್ಳಗೆ, ಟೊಳ್ಳಾಗಿ ಕೇಳಿಸುವ ಜಾಗದಲ್ಲಿ ನಿಲ್ಲಿಸಿ. ಈಗ ಪೊಲಾರಿಟಿ ವಾಪಸ್ ತಿರುಗಿಸಿದರೆ ಎರಡೂ ಕೈ ಹಿಡಿದು ನಿಂತ ಹಾಗೆ ಕೇಳುತ್ತದೆ. ಸರಿಸುವುದು ಎಸ್‌ಎಂ57 ಅನ್ನೇ ಇರಲಿ, ರಿಬ್ಬನ್ ನಿಂತಲ್ಲೇ ನಿಲ್ಲಲಿ. ಅಂದರೆ ಎಸ್‌ಎಂ57 ಕೂಡ 15–20 ಸೆಂಟಿಮೀಟರ್ ಹಿಂದೆ ಬರುತ್ತದೆ. ಅದು ಬಟ್ಟೆಗೆ ತಾಗಿಯೇ ಇರಲಿ ಅನ್ನಿಸಿದರೆ, ರೆಕಾರ್ಡ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ಟ್ರ್ಯಾಕ್ ಸರಿಸಿ ಹೊಂದಿಸಬಹುದು. ರಿಬ್ಬನ್ ಅನ್ನು ಮಾತ್ರ ಅದರ ಪಕ್ಕಕ್ಕೆ ತಳ್ಳಬೇಡಿ.

ಎಂಟರ ಆಕಾರ ಅಂದೆನಲ್ಲ, ಈ ಮೈಕ್ ಹಿಂದಿನಿಂದಲೂ ಅಷ್ಟೇ ಕೇಳಿಸಿಕೊಳ್ಳುತ್ತದೆ, ಎರಡು ಪಕ್ಕಕ್ಕೆ ಮಾತ್ರ ಕಿವುಡು. ಪಕ್ಕದಲ್ಲಿ ಡ್ರಮ್ಸ್ ಇದ್ದರೆ ಮೈಕ್‌ನ ಪಕ್ಕ ಅದರ ಕಡೆಗಿರಲಿ. ಹಿಂದಿನ ಗೋಡೆಯ ಬಗ್ಗೆ, ಮೈಕ್ ಹತ್ತಿರ ಇದ್ದಾಗ ತಲೆ ಕೆಡಿಸಿಕೊಳ್ಳಬೇಡಿ. 15 ಸೆಂಟಿಮೀಟರ್‌ನಲ್ಲಿ ಮೈಕ್, ಒಂದು ಮೀಟರ್ ಹಿಂದೆ ಗೋಡೆ ಇದ್ದರೆ, ಗೋಡೆಯಿಂದ ತಿರುಗಿ ಬರುವ ಸದ್ದು ನೇರ ಸದ್ದಿಗಿಂತ 20 ಡೆಸಿಬಲ್‌ಗೂ ಹೆಚ್ಚು ಕಡಿಮೆ ಇರುತ್ತದೆ. ಮೈಕನ್ನು 60 ಸೆಂಟಿಮೀಟರ್‌ಗೆ ಎಳೆದರೆ, ಗೋಡೆ ಮೈಕ್‌ನಿಂದ ಆಗಲೂ ಒಂದು ಮೀಟರ್ ಹಿಂದೆ ಇದ್ದರೂ, ಅದು ಬರೀ 13 ಡೆಸಿಬಲ್ ಕಡಿಮೆ. ಆಗ ಹಿಂದೆ ಒಂದು ದಪ್ಪ ಹಾಸಿಗೆ ನಿಲ್ಲಿಸಿ.

ಆರ್-121ರ ಹಿಂಬದಿಯನ್ನೇ ಆಂಪ್‌ಗೆ ತಿರುಗಿಸಿಯೂ ಒಮ್ಮೆ ಕೇಳಿ. ಇದರ ರಿಬ್ಬನ್ ನಟ್ಟನಡುವೆ ಇಲ್ಲ, ಮುಂಭಾಗಕ್ಕೆ ಸರಿದು ನಿಂತಿದೆ. ಜೋರು ಸದ್ದು ಮುಂದಿನಿಂದ ಬಂದಾಗ ರಿಬ್ಬನ್‌ಗೆ ಆಡಲು ಅಯಸ್ಕಾಂತದೊಳಗೆ ಹೆಚ್ಚು ಜಾಗ ಸಿಗಲಿ ಅಂತ ಹಾಗೆ ಮಾಡಿದ್ದಾರೆ. ಅದರಿಂದಾಗಿ, ಹತ್ತಿರದಲ್ಲಿ ಹಿಂಬದಿ ಸ್ವಲ್ಪ ಚುರುಕಾಗಿ ಕೇಳುತ್ತದೆ. ಆದರೆ ಅದು ಮೆತ್ತಗಿನ ಭಾಗಗಳಿಗೆ ಮಾತ್ರ. ಪೂರ್ತಿ ಜೋರಿಗೆ ಲೋಗೋ ಇರುವ ಮುಖವೇ ಆಂಪ್ ನೋಡಲಿ. ಹಿಂಬದಿ ಬಳಸಿದಾಗ ಪೊಲಾರಿಟಿ ತಲೆಕೆಳಗಾಗಿರುತ್ತದೆ, ಎಸ್‌ಎಂ57 ಜೊತೆ ಸೇರಿಸುವಾಗ ಅದನ್ನು ತಿರುಗಿಸಿಕೊಳ್ಳಿ.

ರಾತ್ರಿಯ ವಿಷಯ. ಸ್ಟ್ಯಾಂಡ್‌ನಲ್ಲೇ ಬಿಡಬಹುದು, ಮೈಕ್ ನೆಟ್ಟಗೆ ನಿಂತಿದ್ದರೆ. ರಿಬ್ಬನ್ ಲಂಬವಾಗಿರುವಾಗ ತನ್ನ ಭಾರಕ್ಕೆ ತಾನು ಜೋತುಬೀಳುವುದಿಲ್ಲ. ಮಲಗಿಸಿ ತುಂಬ ದಿನ ಇಟ್ಟರೆ ನಡುವೆ ಜೋಲು ಬರಬಹುದು. ಮೈಕ್ ಮೇಲೆ ಅದರ ಬಟ್ಟೆಯ ಚೀಲ ಹಾಕಿ, ನಿಧಾನವಾಗಿ. ಬಿಗಿಯಾದ ಚೀಲವನ್ನು ಸರ್ರ್ ಅಂತ ಎಳೆದರೂ ಗಾಳಿ ಎಳೆದುಕೊಳ್ಳುತ್ತದೆ. ಕೋಣೆಯಿಂದ ಕೋಣೆಗೆ ಒಯ್ಯುವಾಗಲೂ ಚೀಲ ಇರಲಿ, ಬೀಸಿಕೊಂಡು ನಡೆಯಬೇಡಿ. ಕೋಣೆಯ ಬಾಗಿಲು ಗಾಳಿಯಾಡದಷ್ಟು ಬಿಗಿಯಾಗಿದ್ದರೆ ಅದನ್ನು ದಢಾರಂತ ಹಾಕದಂತೆ ಎಲ್ಲರಿಗೂ ಹೇಳಿ. ಇನ್ನು, ಮೈಕ್ ಇರುವ ಕೋಣೆಯಲ್ಲಿ ಗಿಟಾರ್ ತಂತಿ ಬದಲಿಸಬೇಡಿ. ಕತ್ತರಿಸಿದ ಉಕ್ಕಿನ ತುಣುಕುಗಳು, ಅದರ ಪುಡಿ ಅಯಸ್ಕಾಂತಕ್ಕೆ ಸೆಳೆದುಕೊಂಡು ಜಾಲರಿಯೊಳಗೆ ಹೋದರೆ ರಿಬ್ಬನ್ ಪಕ್ಕದ ಸಂದಿಯಲ್ಲಿ ಕೂತುಬಿಡುತ್ತವೆ. ಅದನ್ನು ತೆಗೆಯಲು ಮೈಕ್ ಬಿಚ್ಚಲೇಬೇಕು.

ಮರಳಿ ಕೊಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಇವತ್ತು, ಶುರು ಮಾಡುವ ಮುಂಚೆ, ಮೈಕ್‌ನಿಂದ ಒಂದು ಮೀಟರ್ ದೂರದಲ್ಲಿ ನಿಂತು ಮಾಮೂಲಿ ದನಿಯಲ್ಲಿ ಹತ್ತು ಸೆಕೆಂಡ್ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ. ಗೇನ್ ಎಷ್ಟಿತ್ತು ಅಂತ ಬರೆದಿಡಿ. ಎರಡನೇ ದಿನ ಕೊನೆಗೆ ಅದನ್ನೇ ಮತ್ತೆ ಮಾಡಿ, ಪಕ್ಕಪಕ್ಕ ಇಟ್ಟು ಕೇಳಿ. ಎರಡೂ ಒಂದೇ ತರಹ ಇದ್ದರೆ ಆ ಎರಡು ಫೈಲ್‌ಗಳನ್ನೂ ಮೈಕ್ ಜೊತೆಗೇ ನಿಮ್ಮ ಗೆಳೆಯರಿಗೆ ಕೊಡಿ.